ಕಡಲ ತಳದ ತಂತಿ, ಕಾಡಿನ ಮರ

ವಸಾಹತು ವ್ಯಾಪಾರದ ಲಕ್ಷಣಗಳನ್ನು ಇತಿಹಾಸದ ಪಠ್ಯಪುಸ್ತಕದಲ್ಲಿ ನೀವು ಓದಿರುತ್ತೀರಿ. ವಸಾಹತಿನಿಂದ ಅಗ್ಗದ ಕಚ್ಚಾ ವಸ್ತು, ಆಳುವ ದೇಶದಲ್ಲಿ ಕಾರ್ಖಾನೆ, ಸಿದ್ಧ ಸರಕಿಗೆ ಮತ್ತೆ ವಸಾಹತಿನಲ್ಲೇ ಮಾರುಕಟ್ಟೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಉದಾಹರಣೆ ಹತ್ತಿ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರವಾದ ಉದಾಹರಣೆಯೊಂದಿದೆ. ಅದು ಗಟ್ಟಾಪರ್ಚಾ ಎಂಬ ಮರದ ಅಂಟು.

ಅವಾಹಕದ ಹುಡುಕಾಟ

1840ರ ದಶಕದಲ್ಲಿ ನೆಲದ ಮೇಲೆ ತಂತಿ ಸಂದೇಶ ಕಳಿಸುವುದು ಸಾಧ್ಯವಾಗಿತ್ತು. ತೊಡಕಿದ್ದುದು ಸಮುದ್ರದಲ್ಲಿ. ಉಪ್ಪುನೀರು ವಿದ್ಯುದ್ವಾಹಕ. ಅದರಲ್ಲಿ ಬರಿಯ ತಾಮ್ರದ ತಂತಿಯನ್ನು ಇಳಿಬಿಟ್ಟರೆ ವಿದ್ಯುತ್ತು ನೀರಿಗೆ ಸೋರಿಹೋಗುತ್ತದೆ. ಆದ್ದರಿಂದ ತಂತಿಗೆ ಒಳ್ಳೆಯ ಅವಾಹಕದ ಹೊದಿಕೆ ಬೇಕು.

ಮಲಯ ಪರ್ಯಾಯ ದ್ವೀಪ, ಸುಮಾತ್ರಾ ಮತ್ತು ಬೋರ್ನಿಯೋ ಕಾಡುಗಳ ಜನ ಪಲಾಕ್ವಿಯಮ್ ಜಾತಿಯ ಮರಗಳ ಹಾಲನ್ನು ಹೆಪ್ಪುಗಟ್ಟಿಸಿ ಕತ್ತಿಯ ಹಿಡಿಗಳನ್ನು ಮಾಡುತ್ತಿದ್ದರು. ಬಿಸಿನೀರಿನಲ್ಲಿ ಅದ್ದಿದರೆ ಈ ಅಂಟು ಮೆತ್ತಗಾಗುತ್ತದೆ, ಆರಿದಾಗ ಮತ್ತೆ ಗಟ್ಟಿಯಾಗುತ್ತದೆ. ಸಿಂಗಾಪುರದಲ್ಲಿ ಕೆಲಸ ಮಾಡಿದ್ದ ವೈದ್ಯ ವಿಲಿಯಂ ಮಾಂಟ್‌ಗೋಮರಿ 1843ರಲ್ಲಿ ಇದರ ಮಾದರಿಗಳನ್ನು ಲಂಡನ್ನಿಗೆ ಕಳಿಸಿದ. ಇದು ಉತ್ತಮ ಅವಾಹಕವೆಂದು ಮೈಕೇಲ್ ಫ್ಯಾರಡೆ 1848ರಲ್ಲಿ ಪ್ರಕಟಿಸಿದ. 1851ರಲ್ಲಿ ಗಟ್ಟಾಪರ್ಚಾ ಹೊದಿಸಿದ ಕೇಬಲ್ ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳನ್ನು ಬೆಸೆಯಿತು.

ರಬ್ಬರ್ ಮತ್ತು ಗಟ್ಟಾಪರ್ಚಾ ಎರಡೂ ಐಸೊಪ್ರೀನ್‌ನ ಪಾಲಿಮರ್‌ಗಳೇ. ರಬ್ಬರಿನಲ್ಲಿ ಅಣುಜೋಡಣೆ ಸಿಸ್ ರೂಪದ್ದು, ಗಟ್ಟಾಪರ್ಚಾದಲ್ಲಿ ಟ್ರಾನ್ಸ್ ರೂಪದ್ದು. ಇಷ್ಟೇ ವ್ಯತ್ಯಾಸದಿಂದ ಒಂದು ಎಳೆದರೆ ಹಿಗ್ಗುತ್ತದೆ, ಇನ್ನೊಂದು ಗಟ್ಟಿಯಾಗಿ ನಿಲ್ಲುತ್ತದೆ. ಸಮುದ್ರ ತಳದ ತಂಪು ಮತ್ತು ಒತ್ತಡದಲ್ಲಿ ಗಟ್ಟಾಪರ್ಚಾ ದಶಕಗಳ ಕಾಲ ಕೆಡದೆ ಉಳಿಯುತ್ತಿತ್ತು.

ಒಂದು ಲೆಕ್ಕ

ರಬ್ಬರ್ ಮರದ ತೊಗಟೆ ಗೀರಿದರೆ ಹಾಲು ತಾನಾಗಿ ಹರಿಯುತ್ತದೆ. ಗಟ್ಟಾಪರ್ಚಾ ಮರದ ಹಾಲು ಬೇಗ ಹೆಪ್ಪುಗಟ್ಟುವುದರಿಂದ ಹಾಗೆ ಹರಿಯದು. ಹೆಚ್ಚು ಅಂಟು ಬೇಕೆಂದರೆ ಮರವನ್ನೇ ಕಡಿದುರುಳಿಸಿ, ತೊಗಟೆಯ ಸುತ್ತ ಅಲ್ಲಲ್ಲಿ ಕಚ್ಚು ಹಾಕಬೇಕಿತ್ತು.

1866ರಲ್ಲಿ ಅಟ್ಲಾಂಟಿಕ್ ಸಾಗರದಡಿ ಹಾಕಿದ ಕೇಬಲ್ಲಿನ ಪ್ರತಿ ನಾಟಿಕಲ್ ಮೈಲಿಗೆ 400 ಪೌಂಡ್, ಅಂದರೆ ಸುಮಾರು 181 ಕಿಲೋಗ್ರಾಂ ಗಟ್ಟಾಪರ್ಚಾ ಬೇಕಾಯಿತು. ಕೇಬಲ್ಲಿನ ಉದ್ದ ಸುಮಾರು 1,850 ನಾಟಿಕಲ್ ಮೈಲಿ. ಗುಣಿಸಿ ನೋಡಿ: ಸುಮಾರು 335 ಟನ್. ಒಂದು ಮರಕ್ಕೆ ಅರ್ಧ ಕಿಲೋಗ್ರಾಂ ಎಂದು ಹಿಡಿದರೆ 6,70,000 ಮರಗಳಾಗುತ್ತವೆ. ಇದು ಒಂದು ಕೇಬಲ್ಲಿನ ಲೆಕ್ಕ ಮಾತ್ರ. ಇಳುವರಿ ಇನ್ನೂ ಕಡಿಮೆಯೆಂದು ಹಿಡಿದು ತರಗತಿಯಲ್ಲಿ ಇದನ್ನು ಮತ್ತೊಮ್ಮೆ ಮಾಡಿಸಬಹುದು.

ಏಕಸ್ವಾಮ್ಯದ ಹೊಸ ರೂಪ

ಹಳೆಯ ವಸಾಹತು ವ್ಯಾಪಾರ ನಡೆದದ್ದು ರಾಜನ ಸನ್ನದಿನ ಬಲದಿಂದ. ಈಸ್ಟ್ ಇಂಡಿಯಾ ಕಂಪನಿ 1813ರಲ್ಲಿ ಭಾರತದ ವ್ಯಾಪಾರದ, 1833ರಲ್ಲಿ ಚೀನಾ ವ್ಯಾಪಾರದ ಏಕಸ್ವಾಮ್ಯವನ್ನು ಕಳೆದುಕೊಂಡಿತು. ಸಿಂಗಾಪುರ ಸುಂಕವಿಲ್ಲದ ಮುಕ್ತ ಬಂದರು. ಅಲ್ಲಿ ಗಟ್ಟಾಪರ್ಚಾವನ್ನು ಯಾರು ಬೇಕಾದರೂ ಕೊಳ್ಳಬಹುದಿತ್ತು. ಆದರೂ ಕೇಬಲ್ ಉದ್ಯಮ ಬಹುಪಾಲು ಬ್ರಿಟಿಷರ ಕೈಯಲ್ಲೇ ಉಳಿದದ್ದು ಹೇಗೆ?

ಕಾಡಿನಲ್ಲಿ ಮರ ಕಡಿದವರು ದಯಕ್, ಮಲಯ ಮೊದಲಾದ ಸ್ಥಳೀಯರು. ಅವರಿಂದ ಸರಕು ಕೈಯಿಂದ ಕೈಗೆ ದಾಟಿ ಸಿಂಗಾಪುರ ಸೇರುತ್ತಿತ್ತು, ಅಲ್ಲಿಂದ ಥೇಮ್ಸ್ ದಡದ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಬಂಡವಾಳ, ಯಂತ್ರ, ಕೇಬಲ್ ಹಡಗು, ಕೆಲ್ವಿನ್ ರೂಪಿಸಿದ ಸೂಕ್ಷ್ಮ ಗ್ಯಾಲ್ವನೋಮೀಟರ್ ಎಲ್ಲವೂ ಇದ್ದುದು ಬ್ರಿಟನ್ನಿನಲ್ಲಿ. ಬಾಗಿಲು ಎಲ್ಲರಿಗೂ ತೆರೆದಿದ್ದರೂ ಒಳಗೆ ಹೋಗುವ ಶಕ್ತಿ ಕೆಲವರಿಗಷ್ಟೇ ಇತ್ತು. ಇತಿಹಾಸಕಾರರು ಇದನ್ನು ಮುಕ್ತ ವ್ಯಾಪಾರದ ಸಾಮ್ರಾಜ್ಯಶಾಹಿ ಎನ್ನುತ್ತಾರೆ.

ತಂತಿಯಿಂದ ಆಳ್ವಿಕೆ

1857ರ ದಂಗೆಯ ಸುದ್ದಿ ಲಂಡನ್ ತಲುಪಲು ವಾರಗಟ್ಟಲೆ ಹಿಡಿದಿತ್ತು. 1870ರಲ್ಲಿ ಮುಂಬಯಿಗೆ ಸಮುದ್ರ ಕೇಬಲ್ ಬಂದ ಮೇಲೆ ಗಂಟೆಗಳು ಸಾಕಾದವು. ಸೈನ್ಯದ ಆಜ್ಞೆಯೂ ಹತ್ತಿಯ ಧಾರಣೆಯೂ ಅದೇ ತಂತಿಯಲ್ಲಿ ಹರಿದವು. 1890ರ ದಶಕದ ಆರಂಭದಲ್ಲಿ ಜಗತ್ತಿನ ಸಮುದ್ರ ಕೇಬಲ್‌ಗಳಲ್ಲಿ ಸುಮಾರು ಮೂರನೇ ಎರಡು ಭಾಗ ಬ್ರಿಟಿಷರದಾಗಿತ್ತು. 1914ರ ಆಗಸ್ಟಿನಲ್ಲಿ ಯುದ್ಧ ಘೋಷಿಸಿದ ಕೂಡಲೇ ಬ್ರಿಟನ್ ಜರ್ಮನಿಯ ಕೇಬಲ್‌ಗಳನ್ನು ಕತ್ತರಿಸಿತು. ತಂತಿಯ ಒಡೆತನವೂ ಒಂದು ಆಯುಧವೆಂಬುದು ಆಗ ಎಲ್ಲರಿಗೂ ತಿಳಿಯಿತು.

ಅಷ್ಟರಲ್ಲಿ ಕಾಡು ಬರಿದಾಗಿತ್ತು. ಸಿಂಗಾಪುರದಲ್ಲಂತೂ ಈ ಮರ ಕೆಲವೇ ವರ್ಷಗಳಲ್ಲಿ ಅಪರೂಪವಾಯಿತು. ಡಚ್ಚರು 1885ರಲ್ಲಿ ಜಾವಾದ ಚಿಪೆತಿರ್‌ನಲ್ಲಿ ತೋಟ ಹಾಕಿದರು. ಮುಂದೆ ಎಲೆಗಳಿಂದಲೇ ಅಂಟು ತೆಗೆಯುವ ವಿಧಾನವೂ ಬಂತು. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಆಕಸ್ಮಿಕವಾಗಿ ದೊರೆತ ಪಾಲಿಥೀನ್ ಕ್ರಮೇಣ ಗಟ್ಟಾಪರ್ಚಾದ ಸ್ಥಾನಕ್ಕೆ ಬಂತು.

ವಾಹಕ ಮತ್ತು ಅವಾಹಕಗಳ ಪಾಠ ಮಾಡುವಾಗ ನಾವು ಫ್ಯಾರಡೆಯನ್ನು, ಕೆಲ್ವಿನ್‌ನನ್ನು ನೆನೆಯುತ್ತೇವೆ. ಆ ವಸ್ತುವಿನ ಗುಣವನ್ನು ಅವರಿಗಿಂತ ಮೊದಲೇ ಬಳಕೆಯಿಂದ ಅರಿತಿದ್ದ ಕಾಡಿನ ಜನರ ಹೆಸರು ಪುಸ್ತಕಗಳಲ್ಲಿಲ್ಲ. ಇಂದು ಖಂಡಗಳ ನಡುವಿನ ಅಂತರಜಾಲದ ದತ್ತಾಂಶ ಬಹುಪಾಲು ಸಾಗುವುದು ಸಮುದ್ರದಡಿಯ ದ್ಯುತಿತಂತುಗಳಲ್ಲಿ. ಅವುಗಳ ಕಚ್ಚಾ ವಸ್ತು ಎಲ್ಲಿಯದು, ಒಡೆತನ ಯಾರದು ಎಂಬ ಪ್ರಶ್ನೆಗಳನ್ನು ವಿದ್ಯಾರ್ಥಿಗಳು ಕೇಳುವಂತಾಗಲಿ. ಭೌತಶಾಸ್ತ್ರದ ತರಗತಿಯಲ್ಲಿಯೂ ಅವಕ್ಕೆ ಜಾಗವಿದೆ.