ಬೈಂಡಿಂಗ್ ಕಲಿಕೆ: ಮೊದಲು ನೋಟ್‌ಬುಕ್, ಆಮೇಲೆ ಪೆಟ್ಟಿಗೆ, ಕೊನೆಗೆ ಹಳೆಯ ಪುಸ್ತಕ

ಮಡಿಸಿದ ಹಾಳೆಗಳನ್ನು ಹೊಲಿದು, ಬೆನ್ನಿಗೆ ಅಂಟು ಹಚ್ಚಿ, ರಟ್ಟು ಕಟ್ಟುವ ಕೆಲಸವೇ ಬೈಂಡಿಂಗ್. ಗಡಿಯ ಈಚೆ ಇರುವ ನಮಗೆ ಇದು ಬರೀ ಹವ್ಯಾಸವಲ್ಲ. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ಸಂಘದ ಕಪಾಟುಗಳಲ್ಲಿ ಇರುವ ಎಷ್ಟೋ ಕನ್ನಡ ಪುಸ್ತಕಗಳು ಮರುಮುದ್ರಣ ಕಂಡಿಲ್ಲ. ಹರಿದರೆ ಇನ್ನೊಂದು ಪ್ರತಿ ಸಿಗುವುದು ಕಷ್ಟ.

ಒಮ್ಮೆ ನಮ್ಮ ಕಪಾಟಿನ ಹಳೆಯ ಕಾದಂಬರಿಯೊಂದನ್ನು ಊರಿನ ಒಂದು ಅಂಗಡಿಗೆ ಬೈಂಡಿಂಗ್‌ಗೆ ಕೊಟ್ಟೆವು. ಗಟ್ಟಿಯಾಗಿ ಬಂತು, ನಿಜ. ಆದರೆ 6ನೆಯ ಫಾರಂ ಇರಬೇಕಾದಲ್ಲಿ 9ನೆಯದು ಕೂತಿತ್ತು. ಪುಟಸಂಖ್ಯೆ ಕನ್ನಡ ಅಂಕಿಯಲ್ಲಿತ್ತು, ಕಟ್ಟಿದವರಿಗೆ ಕನ್ನಡ ಬರುತ್ತಿರಲಿಲ್ಲ. ೬ ಮತ್ತು ೯ ಅವರಿಗೆ ಒಂದೇ ಥರ ಕಂಡಿರಬೇಕು. ಪಕ್ಕದಿಂದ ತಂತಿ ಹೊಡೆದಿದ್ದರಿಂದ ಒಳಗಿನ ಅಂಚಿನ ಅಕ್ಷರಗಳು ಬೆನ್ನಿನೊಳಗೆ ಹೂತುಹೋಗಿದ್ದವು. ಕ್ರಮ ಬರೆದು ಕೊಡದ ತಪ್ಪು ನಮ್ಮದೇ. ಈ ಕೆಲಸವನ್ನು ನಾವೇ ಕಲಿಯೋಣ ಎಂದುಕೊಂಡದ್ದು ಆಗಲೇ.

ಕೆಲಸ ನಮ್ಮವರಿಗೆ ಹೊಸದೇನಲ್ಲ. ಓಲೆಗರಿಗೆ ತೂತು ಮಾಡಿ, ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆ ಇಟ್ಟು ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಿಸಿದರೆ ಕಡತ. ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆದು, ಬೇಡವಾದಾಗ ಅಳಿಸುತ್ತಿದ್ದರು. ಕಚೇರಿಯ ಫೈಲಿಗೆ ಇಂದಿಗೂ ಅದೇ ಹೆಸರು.

ಕಲಿಯುವವರು ಖಾಲಿ ನೋಟ್‌ಬುಕ್‌ನಿಂದ ಶುರುಮಾಡಬೇಕು. ಮೊದಲು ಕಾಗದದ ಎಳೆ ಯಾವ ಕಡೆಗಿದೆ ನೋಡಿ: ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಾಗಿಸಿದರೆ ಒಂದು ಕಡೆ ಸುಲಭವಾಗಿ ಬಾಗುತ್ತದೆ. ಮಡಿಕೆ ಆ ಕಡೆಗೇ ಬೀಳಬೇಕು. ತಪ್ಪಿದರೆ ಪುಸ್ತಕ ಚೆನ್ನಾಗಿ ತೆರೆಯುವುದಿಲ್ಲ, ತೇವಕ್ಕೆ ಬೆನ್ನು ಸುಕ್ಕಾಗುತ್ತದೆ. ರಟ್ಟಿಗೂ ಇದೇ ನಿಯಮ.

ನಾಲ್ಕು ಹಾಳೆ ಒಟ್ಟಿಗೆ ಮಡಿಸಿದರೆ 8 ಎಲೆ, 16 ಪುಟ. ಮಡಿಕೆಯಲ್ಲಿ ದಬ್ಬಣದಿಂದ ಮೂರು ತೂತು ಮಾಡಿ. ಮೇಣ ಸವರಿದ ಹತ್ತಿ ದಾರವನ್ನು ಒಳಗಿನಿಂದ ನಡುವಿನ ತೂತಿನಲ್ಲಿ ಹೊರಗೆ ತಂದು, ಮೇಲಿನ ತೂತಿನಲ್ಲಿ ಒಳಕ್ಕೆ ಹಾಕಿ. ಒಳಗೆ ನಡುವಿನದನ್ನು ದಾಟಿ ಕೆಳಗಿನದರಲ್ಲಿ ಹೊರಗೆ, ಮತ್ತೆ ನಡುವಿನದರಲ್ಲಿ ಒಳಗೆ. ಎರಡೂ ತುದಿಗಳು ಒಳಗಿನ ಉದ್ದ ಹೊಲಿಗೆಯ ಆಚೀಚೆ ಇರಲಿ, ಅದರ ಮೇಲೆ ಗಂಟು ಹಾಕಿ. ಇಷ್ಟು ಬಂದರೆ ಅರ್ಧ ವಿದ್ಯೆ ಬಂದ ಹಾಗೆ.

ಅಂಟಿಗೆ ಒಂದು ಪಾಲು ಮೈದಾ, ನಾಲ್ಕೈದು ಪಾಲು ನೀರು. ಗಂಟಾಗದಂತೆ ಕಲಸಿ, ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ಕೈಯಾಡಿಸಿ, ತಣಿಸಿ ಸೋಸಿ. ಹುಳು ಬಾರದಿರಲೆಂದು ಇದಕ್ಕೆ ಮೈಲುತುತ್ತ ಹಾಕುವ ರೂಢಿ ಇದೆ. ಅದು ವಿಷ, ಕಾಗದಕ್ಕೂ ಒಳ್ಳೆಯದಲ್ಲ, ನಾವು ಹಾಕುವುದಿಲ್ಲ. ಬೇಕಾದಷ್ಟೇ ಮಾಡಿ ಒಂದೆರಡು ದಿನದಲ್ಲಿ ಮುಗಿಸುತ್ತೇವೆ.

ರಟ್ಟು ಡೊಂಕಾಗುವುದು ಹೊಸಬರೆಲ್ಲರ ದೂರು. ಒದ್ದೆ ಕಾಗದ ಹಿಗ್ಗಿ, ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆ ಎಳೆಯುತ್ತದೆ. ಒಳಮೈಗೂ ಕಾಗದ ಅಂಟಿಸಿದರೆ ಎಳೆತ ಎರಡೂ ಕಡೆ ಸಮನಾಗುತ್ತದೆ. ರಾತ್ರಿಯಿಡೀ ಭಾರದಡಿ ಇಡಿ. ಕಾಸರಗೋಡು, ವಯನಾಡಿನವರು ಮಳೆಗಾಲದಲ್ಲಿ ಎರಡು ರಾತ್ರಿ ಇಟ್ಟರೂ ತಪ್ಪಿಲ್ಲ.

ಪೆಟ್ಟಿಗೆ ಕಲಿಯುವುದು ಏಕೆಂದರೆ ಎಲ್ಲ ಪುಸ್ತಕವನ್ನೂ ಹೊಲಿಯಲಾಗದು. ಮೂಲೆ ಮೆಲ್ಲಗೆ ಬಾಗಿಸಿದರೇ ಮುರಿಯುವ ಕಾಗದ ಸೂಜಿಯನ್ನು ತಾಳುವುದಿಲ್ಲ. ಅದನ್ನು ಹಾಗೆಯೇ ಪೆಟ್ಟಿಗೆಯಲ್ಲಿ ಮಲಗಿಸಬೇಕು. ಕೆಳಗಿನ ತಟ್ಟೆಯ ಒಳಅಳತೆ ಪುಸ್ತಕಕ್ಕಿಂತ 3 ಮಿಲಿಮೀಟರ್ ಹೆಚ್ಚಿರಲಿ. ಅದಕ್ಕೆ ಬಟ್ಟೆ ಅಂಟಿಸಿ ಒಣಗಿದ ಮೇಲೆಯೇ ಮುಚ್ಚಳದ ಅಳತೆ ತೆಗೆಯಿರಿ. ಮೊದಲೇ ಕತ್ತರಿಸಿದ ನಮ್ಮ ಮೂರು ಮುಚ್ಚಳಗಳು ಈಗ ಗುಂಡುಸೂಜಿ ಇಡುವ ತಟ್ಟೆಗಳಾಗಿವೆ.

ಹಳೆಯ ಪುಸ್ತಕ ಬಿಚ್ಚುವ ಮೊದಲು ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ. ಎಷ್ಟೋ ಹಳೆಯ ಮುದ್ರಣಗಳಲ್ಲಿ ಪ್ರತಿ ಫಾರಂನ ಮೊದಲ ಪುಟದ ಕೆಳತುದಿಯಲ್ಲಿ ಸಣ್ಣ ಅಂಕಿ ಇರುತ್ತದೆ. ಅದು ಬೈಂಡರಿಗಾಗಿಯೇ ಹಾಕಿದ್ದು. 16 ಪುಟದ ಫಾರಂ ಆದರೆ 2ನೆಯದು 17ನೇ ಪುಟಕ್ಕೆ, 3ನೆಯದು 33ನೇ ಪುಟಕ್ಕೆ ಶುರುವಾಗಬೇಕು. ಹೊಲಿಯುವ ಮುನ್ನ ಕನ್ನಡ ಓದಬಲ್ಲ ಇಬ್ಬರು ಬೇರೆಬೇರೆಯಾಗಿ ಎಣಿಸಲಿ. ಸೆಲೊಟೇಪ್ ಬೇಡ, ಅದರ ಕಂದು ಕಲೆ ಹೋಗುವುದಿಲ್ಲ. ಅಂಚು ಕತ್ತರಿಸಲೂ ಬೇಡಿ: ಅಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿಟ್ಟ ಅರ್ಥ, ಹೆಸರು, ಊರು ಇರಬಹುದು. ಅಂಗಡಿಗೇ ಕೊಡುವುದಾದರೆ ಫಾರಂಗಳ ಕ್ರಮವನ್ನು 1, 2, 3 ಎಂದು ಬರೆದ ಚೀಟಿ ಜೊತೆಗಿಟ್ಟು, ತಂತಿ ಹೊಡೆಯಬೇಡಿ, ನಡುವೆ ಹೊಲಿಯಿರಿ ಎಂದು ಅಲ್ಲಿನ ಭಾಷೆಯಲ್ಲೇ ಹೇಳಿ ಬನ್ನಿ.