ಚೀಲದೊಳಗಿನ ಕ್ಯಾಮೆರಾ: ಬರ್ಮಾದ ವಿಡಿಯೊ ವರದಿಗಾರರು

1988ರ ಆಗಸ್ಟ್ 8ರಂದು ಬರ್ಮಾದಲ್ಲಿ (ಇಂದಿನ ಮ್ಯಾನ್ಮಾರ್) ಸೇನಾಧಿಕಾರಿ ನೆ ವಿನ್ ಕಟ್ಟಿದ ಆಡಳಿತದ ವಿರುದ್ಧ ಜನ ಬೀದಿಗಿಳಿದರು. ಸೈನಿಕರ ಗುಂಡಿಗೆ ಸುಮಾರು 3,000 ಮಂದಿ ಬಲಿಯಾದರೆಂಬ ಅಂದಾಜಿದೆ. ಆ ಹತ್ಯಾಕಾಂಡದ ದೃಶ್ಯಗಳು ಹೊರಗೆ ಬಂದದ್ದು ತೀರ ಕಡಿಮೆ. ದೇಶದೊಳಗಿನ ಪತ್ರಿಕೆ, ರೇಡಿಯೊ, ಟಿ.ವಿ. ಎಲ್ಲವೂ ಸರ್ಕಾರದ ಹಿಡಿತದಲ್ಲಿದ್ದುದರಿಂದ ದಂಗೆಯ ನೆನಪು ಬಾಯಿಂದ ಬಾಯಿಗೆ ಸಾಗಿ ಉಳಿಯಿತು.

ಈ ಕೊರತೆಯನ್ನು ತುಂಬಲು ಹೊರಟದ್ದು ದೇಶ ಬಿಟ್ಟವರು ಕಟ್ಟಿದ 'ಡೆಮಾಕ್ರಟಿಕ್ ವಾಯ್ಸ್ ಆಫ್ ಬರ್ಮಾ' ಸಂಸ್ಥೆ. ನಾರ್ವೆಯ ಓಸ್ಲೊದಿಂದ 1992ರಲ್ಲಿ ಅದರ ರೇಡಿಯೊ ಪ್ರಸಾರ, 2005ರಲ್ಲಿ ಉಪಗ್ರಹ ಟಿ.ವಿ. ಪ್ರಸಾರ ಶುರುವಾದವು. ಟಿ.ವಿ.ಗೆ ದೃಶ್ಯಗಳು ಬೇಕಿದ್ದವು. ಅವನ್ನು ಒದಗಿಸಿದವರು ದೇಶದೊಳಗೇ ಗುಟ್ಟಾಗಿ ಕೆಲಸ ಮಾಡುತ್ತಿದ್ದ 'ವಿಜೆ'ಗಳು, ಅಂದರೆ ವಿಡಿಯೊ ವರದಿಗಾರರು. ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಕ್ಯಾಮೆರಾವನ್ನು ಚೀಲದಲ್ಲಿ ಅಡಗಿಸಿಕೊಂಡು, ಕಣ್ಣಿಗೆ ಒತ್ತಿಕೊಳ್ಳದೆ ಸೊಂಟದ ಮಟ್ಟದಿಂದಲೇ ಅವರು ಚಿತ್ರೀಕರಿಸುತ್ತಿದ್ದರು. ಆದ್ದರಿಂದಲೇ ಆ ದೃಶ್ಯಗಳು ಅಲುಗಾಡುತ್ತವೆ, ಓರೆಯಾಗುತ್ತವೆ, ಎಷ್ಟೋ ಸಲ ಬರೀ ಕಾಲುಗಳನ್ನೇ ತೋರಿಸುತ್ತವೆ.

2007ರ ಆಗಸ್ಟ್‌ನಲ್ಲಿ ಸೇನಾ ಸರ್ಕಾರ ಇಂಧನದ ಬೆಲೆಯನ್ನು ಏಕಾಏಕಿ ಏರಿಸಿತು. ಡೀಸೆಲ್ ದುಪ್ಪಟ್ಟಾಯಿತು, ಬಸ್ಸುಗಳಿಗೆ ಬಳಸುವ ಅನಿಲದ ಬೆಲೆ ಐದು ಪಟ್ಟಾಯಿತು. ಸೆಪ್ಟೆಂಬರ್ 5ರಂದು ಪಕೊಕ್ಕು ಪಟ್ಟಣದಲ್ಲಿ ಈ ಏರಿಕೆಯನ್ನು ವಿರೋಧಿಸಿದ ಬೌದ್ಧ ಭಿಕ್ಷುಗಳನ್ನು ಸೈನಿಕರು ಥಳಿಸಿದರು. ಕ್ಷಮಾಪಣೆ ಸಿಗದಿದ್ದಾಗ ಭಿಕ್ಷುಗಳು ಭಿಕ್ಷಾಪಾತ್ರೆಯನ್ನು ಬೋರಲು ಹಾಕಿ, ಸೇನೆಯವರಿಂದ ದಾನ ಪಡೆಯುವುದಿಲ್ಲವೆಂದು ಸಾರಿದರು. ದಾನದಿಂದಲೇ ಪುಣ್ಯವೆಂದು ನಂಬಿದ ಸಮಾಜದಲ್ಲಿ ಇದು ಬಹಿಷ್ಕಾರಕ್ಕೆ ಸಮ. ಯಾಂಗೂನ್‌ನಲ್ಲಿ ಭಿಕ್ಷುಗಳ ಮೆರವಣಿಗೆಗೆ ಸಾವಿರಾರು ಜನ ಸೇರಿಕೊಂಡರು. ವಿಜೆಗಳು ತೆಗೆದ ದೃಶ್ಯಗಳು ಗಡಿ ದಾಟಿ ಓಸ್ಲೊ ತಲುಪಿ, ಅಲ್ಲಿಂದ ಜಗತ್ತಿನ ವಾಹಿನಿಗಳಿಗೂ ಉಪಗ್ರಹದ ಮೂಲಕ ಬರ್ಮಾದ ಮನೆಗಳಿಗೂ ಮರಳಿದವು.

ಸೆಪ್ಟೆಂಬರ್ 26ರಿಂದ ದಮನ ಆರಂಭವಾಯಿತು. ಮರುದಿನ ಯಾಂಗೂನ್‌ನ ಸುಲೆ ಪಗೋಡಾದ ಹತ್ತಿರ ಜಪಾನಿನ ಪತ್ರಕರ್ತ ಕೆಂಜಿ ನಗಾಯ್ ಗುಂಡಿಗೆ ಬಲಿಯಾದರು. ಅದು ಆಕಸ್ಮಿಕವೆಂದು ಸರ್ಕಾರ ಹೇಳಿತು. ಆದರೆ ಸೈನಿಕನೊಬ್ಬ ಅವರ ಹತ್ತಿರವೇ ನಿಂತು ಗುಂಡು ಹಾರಿಸಿದ್ದನ್ನು ವಿಜೆಯ ಕ್ಯಾಮೆರಾ ಹಿಡಿದಿತ್ತು. ಸ್ವಲ್ಪದರಲ್ಲೇ ಇಂಟರ್ನೆಟ್ ಸಂಪರ್ಕವನ್ನೇ ಕಡಿದು ಹಾಕಲಾಯಿತು.

ಈ ತುಣುಕುಗಳನ್ನು ಪೋಣಿಸಿ ಡೆನ್ಮಾರ್ಕಿನ ಆಂಡರ್ಸ್ ಓಸ್ಟರ್‌ಗಾರ್ಡ್ 2008ರಲ್ಲಿ 'ಬರ್ಮಾ ವಿಜೆ' ಸಾಕ್ಷ್ಯಚಿತ್ರ ನಿರ್ದೇಶಿಸಿದರು. ಆಸ್ಕರ್‌ಗೂ ಅದು ನಾಮನಿರ್ದೇಶನಗೊಂಡಿತು. ಕಥೆಯನ್ನು ಹೇಳುವವನು 'ಜೋಶುವಾ' ಎಂಬ ಮಾರುಹೆಸರಿನ ವರದಿಗಾರ. 2007ರ ಪ್ರತಿಭಟನೆಯ ದಿನಗಳಲ್ಲಿ ಥಾಯ್ಲೆಂಡ್‌ನಲ್ಲಿದ್ದುಕೊಂಡು ಅವನು ಸಂಗಾತಿಗಳೊಂದಿಗೆ ನಡೆಸಿದ ಫೋನ್ ಮಾತುಕತೆಯನ್ನು ಚಿತ್ರಕ್ಕಾಗಿ ಮರುಸೃಷ್ಟಿಸಲಾಗಿದೆ. ಕೆಲವು ಭಾಗಗಳು ಮರುಸೃಷ್ಟಿ ಎಂದು ಚಿತ್ರವೇ ಆರಂಭದಲ್ಲಿ ತಿಳಿಸುತ್ತದೆ. ಆದರೂ ಬೀದಿಯಲ್ಲಿ ಸೆರೆಹಿಡಿದದ್ದು ಯಾವುದು, ಆಮೇಲೆ ಆಡಿಸಿದ್ದು ಯಾವುದು ಎಂದು ನೋಡುಗರಿಗೆ ಎಲ್ಲೆಡೆ ಗೊತ್ತಾಗುವುದಿಲ್ಲವೆಂಬ ಟೀಕೆ ಬಂತು. ದಾಖಲೆಯೇ ಬಲವಾದ ಚಿತ್ರಕ್ಕೆ ಇದು ಸಣ್ಣ ಆಕ್ಷೇಪವಲ್ಲ.

ಚಿತ್ರೀಕರಿಸಿದವರು ದೊಡ್ಡ ಬೆಲೆ ತೆತ್ತರು. ಹಲವು ವಿಜೆಗಳಿಗೆ ದೀರ್ಘ ಸೆರೆವಾಸವಾಯಿತು. 2012ರಲ್ಲಿ ಅನೇಕರು ಬಿಡುಗಡೆಯಾದರು. 2021ರಲ್ಲಿ ಸೇನೆ ಮತ್ತೆ ಅಧಿಕಾರ ಕಸಿದುಕೊಂಡ ನಂತರ ಪ್ರತಿಭಟನೆಗಳನ್ನು ಜನರ ಮೊಬೈಲ್‌ಗಳೇ ದಾಖಲಿಸಿದವು. ಅಂಥ ದೃಶ್ಯಗಳನ್ನೂ ಕಿರುಚಿತ್ರಗಳನ್ನೂ ಒಳಗೊಂಡ 'ಮ್ಯಾನ್ಮಾರ್ ಡೈರೀಸ್' 2022ರ ಬರ್ಲಿನ್ ಚಿತ್ರೋತ್ಸವದಲ್ಲಿ ಸಾಕ್ಷ್ಯಚಿತ್ರ ಪ್ರಶಸ್ತಿ ಪಡೆಯಿತು. ಸುರಕ್ಷತೆಯ ಕಾರಣಕ್ಕೆ ಅದರ ನಿರ್ದೇಶಕರು ಯಾರೂ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ.