ಕಾವಲು ಕೂತ ದಾದಿಯರು

1869ರ ಡಿಸೆಂಬರ್ 9. ಲಂಡನ್ನಿನ ಗೈಸ್ ಆಸ್ಪತ್ರೆಯಿಂದ ಬಂದ ನಾಲ್ವರು ದಾದಿಯರು ವೇಲ್ಸಿನ ಹಳ್ಳಿಮನೆಯೊಂದರಲ್ಲಿ ಕಾವಲು ಕೂತರು. ಹಾಸಿಗೆಯಲ್ಲಿದ್ದವಳು ಹನ್ನೆರಡು ವರ್ಷದ ಸಾರಾ ಜೇಕಬ್. ಎರಡು ವರ್ಷದಿಂದ ಮಗಳು ಏನನ್ನೂ ತಿಂದಿಲ್ಲ ಎನ್ನುತ್ತಿದ್ದರು ಅಪ್ಪ ಅಮ್ಮ. ಊರಿನ ಪಾದ್ರಿ ಅದನ್ನು ನಂಬಿ ಪತ್ರಿಕೆಗೆ ಬರೆದದ್ದೇ ತಡ, ಜನ ರೈಲು ಹತ್ತಿ ಬರತೊಡಗಿದರು. ಪೆನ್‌ಕೇಡರ್ ನಿಲ್ದಾಣದಲ್ಲಿ ಹುಡುಗರು ಟೋಪಿಗೆ ‘ಉಪವಾಸದ ಹುಡುಗಿ’ ಎಂಬ ಚೀಟಿ ಸಿಕ್ಕಿಸಿಕೊಂಡು ದಾರಿ ತೋರಿಸಲು ನಿಂತಿರುತ್ತಿದ್ದರು. ರಿಬ್ಬನ್ನು, ಹೂವುಗಳಿಂದ ಸಿಂಗರಿಸಿಕೊಂಡು ಮಲಗಿದ್ದ ಮಗುವನ್ನು ನೋಡಿ, ಕಾಸು ಕಾಣಿಕೆ ಇಟ್ಟು ಹೋಗುತ್ತಿದ್ದರು.

ಆ ಮಾತು ನಿಜವೇ ಎಂದು ಪರೀಕ್ಷಿಸಲು ಕೂತಿದ್ದ ದಾದಿಯರು ತಾವಾಗಿ ಊಟ ಕೊಡುವಂತಿರಲಿಲ್ಲ. ಕೇಳಿದರೆ ಮಾತ್ರ ಕೊಡಬಹುದಿತ್ತು. ಅವಳು ಕೇಳಲಿಲ್ಲ. ಅಲ್ಲಿಯವರೆಗೆ ಕದ್ದುಮುಚ್ಚಿ ಏನಾದರೂ ಹೊಟ್ಟೆಗೆ ಹೋಗುತ್ತಿದ್ದಿರಬೇಕು; ಕಾವಲು ಬಿದ್ದ ಮೇಲೆ ಅದೂ ನಿಂತಿತು. ಮಗು ಸೊರಗುತ್ತಿದೆ, ಕಾವಲು ತೆಗೆಸಿ ಎಂದು ಹೇಳಿದರೂ ತಂದೆ ತಾಯಿ ಒಪ್ಪಲಿಲ್ಲ. ಡಿಸೆಂಬರ್ 17ರಂದು ಸಾರಾ ತೀರಿಕೊಂಡಳು. ಮರುವರ್ಷ ಅಪ್ಪನಿಗೆ ಹನ್ನೆರಡು ತಿಂಗಳು, ಅಮ್ಮನಿಗೆ ಆರು ತಿಂಗಳು ಸಜೆಯಾಯಿತು. ಈ ಪರೀಕ್ಷೆಗೆ ಒಪ್ಪಿದ್ದ ವೈದ್ಯರಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಹಸಿದ ಮಗುವಿನ ಪಕ್ಕದಲ್ಲಿ ಸುಮ್ಮನೆ ಕೂತು ನೋಡುವುದನ್ನು ಪರೀಕ್ಷೆ ಎಂದು ಕರೆದವರೂ ಆ ಸಾವಿನಲ್ಲಿ ಪಾಲುದಾರರೇ.

ಆಕೆಯ ಕಾಯಿಲೆಗೆ ಇಂದು ಹೆಸರಿಡುವುದು ಸಲ್ಲ. ಆದರೆ ಉಣ್ಣದ ಮಕ್ಕಳಿಗೆ ಚಿಕಿತ್ಸೆ ಇದೆ ಎಂಬುದು ಅದೇ ಗೈಸ್‌ನ ವೈದ್ಯರೊಬ್ಬರಿಗೆ ಆಗಲೇ ತಿಳಿದಿತ್ತು. 1866ರ ಜನವರಿಯಲ್ಲಿ ವಿಲಿಯಂ ಗಲ್ ಬಳಿ ಹದಿನೇಳರ ಹುಡುಗಿಯೊಬ್ಬಳನ್ನು ಕರೆತಂದಿದ್ದರು. ಐದೂವರೆ ಅಡಿಗೆ ಒಂದಂಗುಲ ಕಡಿಮೆ ಎತ್ತರ, ತೂಕ ಬರೀ 37 ಕಿಲೋ. ಹತ್ತಿರ ಹತ್ತಿರ ಒಂದು ವರ್ಷದಿಂದ ಮುಟ್ಟು ನಿಂತಿತ್ತು. ನಾಡಿ ನಿಮಿಷಕ್ಕೆ 56ರಿಂದ 60. ಎದೆಯಲ್ಲಾಗಲಿ ಹೊಟ್ಟೆಯಲ್ಲಾಗಲಿ ರೋಗದ ಗುರುತಿಲ್ಲ. ಮೂಳೆ ಚಕ್ಕಳವಾಗಿದ್ದರೂ ಹುಡುಗಿ ಒಂದು ಕಡೆ ಕೂರುತ್ತಿರಲಿಲ್ಲ, ಸದಾ ಚಟುವಟಿಕೆ. ಹಸಿವಾಗಲಿ ಎಂದು ಕಾಯದೆ ಹೊತ್ತುಹೊತ್ತಿಗೆ ಉಣಿಸಬೇಕು, ಮೈ ಬೆಚ್ಚಗಿಡಬೇಕು ಎಂಬುದು ಗಲ್ ಕಂಡುಕೊಂಡ ದಾರಿ. ಹುಡುಗಿ 58 ಕಿಲೋಗೆ ಬಂದಳು. 1873ರಲ್ಲಿ ಅವರು ಈ ರೋಗವನ್ನು ಲಂಡನ್ನಿನ ವೈದ್ಯರ ಸಭೆಯ ಮುಂದಿಟ್ಟು ‘ಅನೊರೆಕ್ಸಿಯಾ ನರ್ವೋಸಾ’ ಎಂದು ಕರೆದರು. ಚಿಕಿತ್ಸೆಗೆ ಮೊದಲು, ಆಮೇಲೆ ಎಂದು ಅವಳ ಎರಡು ಚಿತ್ರಗಳನ್ನೂ ಅಚ್ಚುಹಾಕಿಸಿದರು.

ಅದೇ ವರ್ಷ ಪ್ಯಾರಿಸ್ಸಿನ ವೈದ್ಯ ಶಾರ್ಲ್ ಲಾಸೆಗ್ ಇದೇ ಕಾಯಿಲೆಯ ಬಗ್ಗೆ ಬರೆದರು. ಊಟದ ಮೇಜಿನ ಮುಂದೆ ಮನೆಯವರು ಅಂಗಲಾಚುವುದು, ಗದರಿಸುವುದು, ಅದರಿಂದ ಹುಡುಗಿ ಇನ್ನಷ್ಟು ಪಟ್ಟು ಹಿಡಿಯುವುದು ಅವರ ಕಣ್ಣಿಗೆ ಬಿದ್ದಿತ್ತು. ನೆಂಟರು ಇಷ್ಟರು ಇಂಥ ರೋಗಿಯ ಆರೈಕೆಗೆ ಆಗಿಬರುವುದಿಲ್ಲ ಎಂದರು ಗಲ್. ಇಬ್ಬರೂ ಸೂಕ್ಷ್ಮಜ್ಞರು, ಸರಿ. ಆದರೂ ಹುಡುಗಿಗೆ ಏನು ಮಾಡಬೇಕೆಂಬುದನ್ನು ದೊಡ್ಡವರೇ ತಮ್ಮತಮ್ಮಲ್ಲಿ ತೀರ್ಮಾನಿಸುತ್ತಿದ್ದರು.

ಈ ರೂಢಿ ಬಿಟ್ಟು, ಹದಿಹರೆಯದವರಿಗೇ ಮೀಸಲಾದ ವಿಭಾಗವನ್ನು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ರೋಸ್‌ವೆಲ್ ಗ್ಯಾಲಗರ್ ತೆರೆದದ್ದು 1951ರಲ್ಲಿ. ಅದಕ್ಕೂ ಮೊದಲು ಅವರು ಶಾಲಾ ವೈದ್ಯರಾಗಿದ್ದವರು. ತನ್ನ ಡಾಕ್ಟರ್ ತನ್ನ ಪಕ್ಷದವನು ಎಂಬ ಭರವಸೆ ಮಗುವಿಗಿರಬೇಕು, ಅಪ್ಪ ಅಮ್ಮನ ಮಾತಿಗಿಂತ ಮೊದಲು ಅದರ ಮಾತು ಕೇಳಬೇಕು ಎಂಬ ನಿಲುವಿನಿಂದಲೇ ಅವರು ಆ ವಿಭಾಗ ಕಟ್ಟಿದರು.